ಅಮ್ಮನ ಹೆಸರಿನ ತಟ್ಟೆಗಳು

ಮಾಡದಕೆರೆಯ ಕಾಟಲಿಂಗಪ್ಪಣ್ಣನವರಿಗೆ ಹೊಸದುರ್ಗದ ಪಾತ್ರೆ ಬಾಡಿಗೆಯ ಕಲಂದರ್ ಮಾಡುವ ನಮಸ್ಕಾರ.

ನಿಮ್ಮ ಮಗಳ ಮದುವೆಯಿಂದ ಒಂದೂ ಪ್ಲಾಸ್ಟಿಕ್ ತಟ್ಟೆ ಕೆರೆಗೆ ಬೀಳಲಿಲ್ಲ, ಸಂತೋಷ. ಆದರೆ ನನ್ನ ಸ್ಟೀಲ್ ತಟ್ಟೆಗಳಲ್ಲಿ ಅರ್ಧ ವಾಪಸ್ ಬಂದಿಲ್ಲ. ಕಳುವಾಗದಿರಲೆಂದು ಅವುಗಳ ಮೇಲೆ ನನ್ನ ಅಮ್ಮ ಬೀಬಿ ಜಾನ್ ಹೆಸರು ಕೆತ್ತಿಸಿದ್ದೇ ತಪ್ಪಾಯಿತು. ಹೆಸರಿರುವ ತಟ್ಟೆ ಮದುವೆಮನೆಯ ಉಡುಗೊರೆಯೆಂದು ಊರಿನವರು ಒಯ್ದಿದ್ದಾರೆ. "ಬಿಟ್ಟೋದ್ರೆ ಹೆಸ್ರು ಹಾಕ್ಸಿದೋರು ಬೇಜಾರ್ ಮಾಡ್ಕಂತಾರೆ, ತಗಳ್ರಿ" ಅಂತ ನಿಮ್ಮ ತಾಯಿ ದೊಡ್ಡಕ್ಕನವರೇ ಹಂಚಿದರಂತೆ. ಬೀಬಿ ಜಾನ್ ಯಾರೆಂದು ಒಬ್ಬರೂ ಕೇಳಲಿಲ್ಲವೇ?

ಭಾನುವಾರ ಹಿರೇಗುಂಟನೂರಿನ ಮದುವೆಗೆ ತಟ್ಟೆ ಕಡಿಮೆಯಾದರೆ ಅವರು ಪ್ಲಾಸ್ಟಿಕ್ ತರಿಸುತ್ತಾರೆ. ಆಮೇಲೆ ನನ್ನನ್ನು ಯಾರೂ ಕರೆಯುವುದಿಲ್ಲ, ಅಂಗಡಿ ಮುಚ್ಚಬೇಕು. ಕೈಮುಗಿಯುತ್ತೇನೆ, ತಟ್ಟೆ ತಂದಿಡಿರೆಂದು ಗುಡಿಯ ಮೈಕಿನಲ್ಲಿ ಕೂಗಿಸಿರಿ. ನಿಮ್ಮ ಮನೆಯಲ್ಲುಳಿದ ತಟ್ಟೆಯನ್ನೇ ಮೊದಲು ಗುಡಿಯ ಕಟ್ಟೆಯ ಮೇಲಿಡಿಸಿರಿ. ಶನಿವಾರ ಗಾಡಿ ತರುತ್ತೇನೆ. ಯಾರಿಗೂ ನಾಚಿಕೆಯಾಗದಂತೆ ಆಚೆ ತಿರುಗಿ ನಿಂತಿರುತ್ತೇನೆ.

ನಿಮ್ಮವನೇ,
ಕಲಂದರ್