ಗುರುವಾರದ ಪುಂಡಿಪಲ್ಯ

ಶಹಾಬಾದ
ಜುಲೈ ೧೯೭೪

ಚಿಮ್ಮನಚೋಡದ ಅತ್ತೆಯವರಿಗೆ ನಿಮ್ಮ ಅಳಿಯ ನಾಮದೇವನ ನಮಸ್ಕಾರಗಳು.

ನಾನೂ ಮಕ್ಕಳೂ ಚೆನ್ನಾಗಿದ್ದೇವೆ. ನಿಮ್ಮ ಮಗಳು ತೀರಿಕೊಂಡ ಮೇಲೆ ನೀವು ಬಂದು ನಮ್ಮೊಡನೆ ಇದ್ದಿರಿ. ಊರಿಗೆ ಹೊರಡುವಾಗ, "ದಿನಾ ಸಂಜಿಕ ಒಲಿ ಮುಂದ ಕುಂತು ಏನ್ ಮಾಡ್ಲಿ ಅಂತ ಚಿಂತಿ ಮಾಡಬ್ಯಾಡ್ರಿ. ಐತಾರ ಹುಡುಗ್ಯಾರನ್ನ ಕೂಡಿಸ್ಕೊಂಡು ಇಡೀ ವಾರದ ಅಡಗಿ ಗೊತ್ತು ಮಾಡ್ರಿ" ಎಂದಿದ್ದಿರಿ. ಪ್ರತಿ ರವಿವಾರ ಹಾಗೆಯೇ ಮಾಡುತ್ತಿದ್ದೇವೆ. ಕಲ್ಲಿನ ಗಣಿಯಿಂದ ನಾನು ದಣಿದು ಬರುವಷ್ಟರಲ್ಲಿ ದೊಡ್ಡವಳು ದ್ರೌಪದಿ ಬೇಳೆ ತೊಳೆದಿಟ್ಟಿರುತ್ತಾಳೆ. ಮಕ್ಕಳು ಬರೀ ರೊಟ್ಟಿ ಖಾರ ತಿಂದು ಮಲಗುವುದು ತಪ್ಪಿದೆ.

ಪುಂಡಿಪಲ್ಯದ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅದು ಅವರವ್ವನ ಕೈಯಡುಗೆ. ಹೋದ ರವಿವಾರ ಸಣ್ಣವಳು ಕಮಲಾ ತಾನಾಗಿಯೇ, "ಅಪ್ಪಾ, ಗುರುವಾರ ಪುಂಡಿಪಲ್ಯ ಮಾಡೋಣು" ಎಂದಳು. ದ್ರೌಪದಿ ನನ್ನ ಮುಖ ನೋಡಿದಳು. ನಾನು ಹೂಂ ಎಂದೆ.

ಮಾಡಿದೆವು. ಭಾಳ ಹುಳಿಯಾಗಿತ್ತು. "ಅವ್ವನ ಪಲ್ಯ ಹಿಂಗ ಇರ್ತಿದ್ದಿಲ್ಲ" ಎಂದು ಕಮಲಾ ನಕ್ಕುಬಿಟ್ಟಳು. ನಮಗೂ ನಗು ಬಂತು. ಆಮೇಲೆ ಅವರವ್ವನ ಮಾತನ್ನೇ ಆಡುತ್ತ ಗಡಿಗೆ ಬರಿದು ಮಾಡಿದೆವು. ಸುಂದರಾ ತೀರಿಕೊಂಡ ಮೇಲೆ ಈ ಮನೆಯಲ್ಲಿ ಅವಳ ಹೆಸರು ಹಿಡಿದು ನಾವು ಮಾತಾಡಿದ್ದು ಅಂದೇ ಮೊದಲು.

ನಿಮ್ಮ ಉಪಕಾರ ದೊಡ್ಡದು. ಹುಳಿ ಮುರಿಯಲು ಎಷ್ಟು ಜೋಳದ ನುಚ್ಚು ಹಾಕಬೇಕೆಂದು ಯಾರಿಂದಲಾದರೂ ಬರೆಸಿ ಕಳಿಸಿರಿ. ಆದರೆ ಒಂದು ಗುರುವಾರ ನೀವೇ ಬನ್ನಿರಿ. ಪುಂಡಿಸೊಪ್ಪು ನಾವು ಬಿಡಿಸಿಟ್ಟಿರುತ್ತೇವೆ.

ಇಂತಿ,
ನಾಮದೇವ