ಕೆಂಪು ತುದಿಯ ಕಡ್ಡಿ

ವರ್ಕ್‌ಶಾಪಿನ ಮೇಲಿನ ಮನೆ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಮಾತುಮಾತಿಗೂ ವಾದಿಸುವ ನನ್ನ ವಕೀಲಮ್ಮನಿಗೆ ಅಮ್ಮನ ಮುತ್ತುಗಳು,

ಹೇಗಿದ್ದೀಯೇ? ಕಾಲಿನ ಊತ ಇಳಿಯಿತಾ? ಏಳು ತಿಂಗಳು ತುಂಬಿತು, ಇನ್ನಾದರೂ ಓಡಾಟ ಬಿಟ್ಟು ಅಳಿಯಂದಿರ ಕೈಯಲ್ಲಿ ಬಡಿಸಿಕೊಂಡು ಉಣ್ಣು. ನಿಮ್ಮಪ್ಪ ಗಟ್ಟಿಮುಟ್ಟಾಗಿದ್ದಾರೆ, ಇವತ್ತು ತಮ್ಮ ಸರದಿಯೇ ಅಲ್ಲ ಎಂದು ಗೊಣಗುತ್ತಲೇ ಪಾತ್ರೆ ತೊಳೆಯುತ್ತಿದ್ದಾರೆ.

ನನ್ನ ಪರೀಕ್ಷೆಯ ಫಲಿತಾಂಶ ಬಂತು. ಏನೂ ಇಲ್ಲ ಕಣೇ! ಎದೆಯ ಎಕ್ಸ್‌ರೇ ಚೆನ್ನಾಗಿದೆ, ಮೂತ್ರದಲ್ಲೂ ಏನೂ ಸಿಕ್ಕಿಲ್ಲ. ಹೋದ ಸಲ ಬಂದಾಗ ನೀನು ವೆಲ್ಡಿಂಗ್ ಕಡ್ಡಿಯ ಪೊಟ್ಟಣ ಓದಿ, "ಅಮ್ಮಾ, ಇದರಲ್ಲಿ ಥೋರಿಯಂ ಇದೆ, ವಿಕಿರಣ ಸೂಸತ್ತೆ" ಅಂತ ಕಿರುಚಿದಾಗ ನಾನು ನಕ್ಕಿದ್ದೆ. ಇಪ್ಪತ್ತೆಂಟು ವರ್ಷ ಆ ಕೆಂಪು ತುದಿಯ ಕಡ್ಡಿಯಿಂದಲೇ ಸ್ಟೀಲ್ ಟ್ಯಾಂಕ್ ಬೆಸೆದವಳಿಗೆ ಪಾಠ ಹೇಳಲು ಬಂದಳಲ್ಲ ಅನ್ನಿಸಿತ್ತು. ವಿಕಿರಣ ಅಳೆಯಲು ಬಂದ ಮೇಡಂ ಬಿಡಿಸಿ ಹೇಳಿದರು. ಟಂಗ್‌ಸ್ಟನ್ ಕಡ್ಡಿಗೆ ನೂರಕ್ಕೆ ಎರಡು ಪಾಲು ಥೋರಿಯಂ ಸೇರಿಸಿದರೆ ಕಿಡಿ ತಟ್ಟನೆ ಹತ್ತುತ್ತದೆ, ತುದಿಯೂ ಬೇಗ ಕರಗುವುದಿಲ್ಲ. ಕೈಯಲ್ಲಿ ಹಿಡಿದರೆ ಭಯವಿಲ್ಲ, ಅದರ ಮುಖ್ಯ ಕಿರಣವನ್ನು ಒಂದು ಹಾಳೆ ಕಾಗದವೇ ತಡೆಯುತ್ತದಂತೆ. ಸಾಣೆಗೆ ಹಿಡಿದಾಗ ಏಳುವ ಧೂಳು ಮಾತ್ರ ಉಸಿರಿನ ಜೊತೆ ಒಳಗೆ ಹೋದರೆ ಅಲ್ಲೇ ಬೀಡುಬಿಡುತ್ತದೆ. ಆ ಥೋರಿಯಂ ಅರ್ಧ ಸವೆಯಲು ಸಾವಿರದ ನಾನೂರು ಕೋಟಿ ವರ್ಷ ಬೇಕಂತೆ. ನಿಮ್ಮಪ್ಪನ ಹಠವೇ ವಾಸಿ! ನಾನೋ, ಕಡ್ಡಿ ಚೂಪು ಮಾಡಿದಾಗಲೆಲ್ಲ ಮೂಗಿನ ಹತ್ತಿರ ಹಿಡಿದು ಉಫ್ ಎಂದು ಊದುವವಳು. ಮೇಡಂ ತಲೆ ಚಚ್ಚಿಕೊಂಡರು. ಸಾಣೆಕಲ್ಲು ಹಿಂಬಾಗಿಲಲ್ಲಿದ್ದದ್ದು ಪುಣ್ಯ, ಧೂಳೆಲ್ಲ ಗಾಳಿಗೆ ಹೋಗಿದೆ. ಈಗ ಥೋರಿಯಂ ಇಲ್ಲದ ಕಡ್ಡಿ ತರಿಸಿದ್ದೇನೆ, ಮಾಸ್ಕ್ ಕೂಡ ಹಾಕುತ್ತೇನೆ. ನೀನು ಗೆದ್ದೆ, ಒಪ್ಪಿಕೊಂಡೆ.

ನೀನೂ, ನಿನ್ನ ಹೊಟ್ಟೆಯಲ್ಲಿರುವ ಪುಟ್ಟ ವಕೀಲರೂ ತಣ್ಣಗಿರಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಮ್ಮ

ಇನ್ನೊಂದು ಮಾತು: ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನನ್ನೊಬ್ಬಳ ವಿಷಯವಾಗಿದ್ದರೆ ಪರೀಕ್ಷೆಗೆ ಹೋಗುತ್ತಲೇ ಇರಲಿಲ್ಲ. ನೀನು ಮೂರು ತಿಂಗಳ ಕೂಸಾಗಿದ್ದಾಗ ನೋಡಿಕೊಳ್ಳುವವರಿಲ್ಲದೆ, ನಿನ್ನ ತೊಟ್ಟಿಲನ್ನು ಆ ಸಾಣೆಕಲ್ಲಿನ ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡಿದೆ, ಒಂದು ವರ್ಷ. ಫಲಿತಾಂಶ ಬಂದ ದಿನ ಅದನ್ನು ಮೇಡಂಗೆ ಹೇಳಿದೆ. "ಅಷ್ಟು ವರ್ಷ ಊದಿದ ನಿಮಗೇ ಏನೂ ಆಗಿಲ್ಲ, ನಿಮ್ಮ ಮಗಳಿಗೆ ಭಯ ಬೇಡಮ್ಮಾ" ಅಂದರು. ಅಲ್ಲೇ ನೆಲದ ಮೇಲೆ ಕೂತು ಗಳಗಳ ಅತ್ತುಬಿಟ್ಟೆ. ನಿಮ್ಮಪ್ಪನಿಗೆ ಹೇಳಬೇಡ, ಕಣ್ಣಿಗೆ ಕಿಡಿ ಬಿತ್ತು ಅಂದಿದ್ದೇನೆ.