ಬಟಾಣಿಗೆ ಹೊದಿಸಿದ ಸೀರೆ

ಮಾರ್ಗನ್ ಹಿಲ್
ಡಿಸೆಂಬರ್ 1998

ಅಳಿಯಂದಿರಾದ ಶಿವಪ್ರಕಾಶರಿಗೆ,

ಅಳಿಯನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿಲ್ಲ, ಅದಕ್ಕೇ ಬರೆದಿದ್ದೇನೆ. ಹಿಮಕ್ಕೆ ಸೀದುಹೋಗದಿರಲೆಂದು ಬಟಾಣಿ ಗಿಡಗಳಿಗೆ ನನ್ನ ಹಳೇ ಸೀರೆ ಹೊದಿಸಿದ್ದೆ. ನಿನ್ನೆ ನಿಮ್ಮ ಆಫೀಸಿನ ದೊಡ್ಡವರು ಊಟಕ್ಕೆ ಬರುತ್ತಾರೆಂದು, “ಬ್ಯಾಕ್‌ಯಾರ್ಡು ಧೋಬಿ ಘಾಟ್ ಥರ ಕಾಣುತ್ತೆ” ಅಂತ ನೀವು ಆ ಸೀರೆ ಕಿತ್ತುಹಾಕಿದಿರಿ. ಬೆಳಿಗ್ಗೆ ಒಂದು ಸಾಲು ಪೂರ್ತಿ ಕರ್ರಗಾಗಿತ್ತು. ಕಂಪ್ಯೂಟರಿಗೆ ಬುದ್ಧಿ ಕಲಿಸುವವರಿಗೆ ಗಿಡಕ್ಕೂ ಚಳಿಯಾಗುತ್ತದೆಂದು ಗೊತ್ತಿರಲಿಲ್ಲ, ಪಾಪ.

ಉಳಿದಿರುವ ಸಾಲು ಧನುರ್ಮಾಸದ ಹುಗ್ಗಿಗೆಂದು ದೇವರಿಗೆ ಹೇಳಿಕೊಂಡದ್ದು. ಇವತ್ತೂ ಹಿಮ ಬೀಳುತ್ತದಂತೆ. ಊಟಕ್ಕೆ ನಿನ್ನೆಯವರಿಗಿಂತ ಮೇಲಿನವರು ಬರುತ್ತಾರಂತೆ. ಸೀರೆ ಮತ್ತೆ ಹೊದಿಸಿದ್ದೇನೆ. ತೆಗೆಯಲೇಬೇಕು ಅನ್ನಿಸಿದರೆ, ಮೊದಲು ಆ ಮೇಲಿನವರ ಕೋಟು ಕೇಳಿ ತಂದು ಗಿಡಕ್ಕೆ ಹೊದಿಸಿ.

ನಿಮ್ಮ ಅತ್ತೆ,
ಪುಟ್ಟಗೌರಮ್ಮ